ಯಾನಾಳ ಉಸಿರು

ಪಂಪಾಕೊಚಾ,
ಆಗಸ್ಟ್ ೧೪

ಪ್ರೀತಿಯ ಅಮ್ಮ,

ಲೀಮಾದ ಮಂಜಿನಲ್ಲಿ ನಿನ್ನ ಮಂಡಿನೋವು ಹೇಗಿದೆ? ನೀನು ಕಳಿಸಿದ ಸ್ವೆಟರುಗಳು ಬಂದು ಬಹಳ ದಿನವಾಯಿತು. ಪುರಸೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಬರೆಯಲು ಒಂದು ಒಳ್ಳೆಯ ಸುದ್ದಿಯಾದರೂ ಸಿಗಲಿ ಎಂದು ಕಾಯುತ್ತಿದ್ದೆ. ಫೋನಿನಲ್ಲಾದರೆ ನೀನು ಮೊದಲ ಮಾತಿಗೇ "ಸ್ಕೂಲಿಗೆ ಮತ್ತೆ ಯಾವಾಗ ಹೋಗ್ತೀಯೆ?" ಅನ್ನುತ್ತೀ, ನಾನು ಸಿಡುಕುತ್ತೇನೆ, ಅಲ್ಲಿಗೆ ಮುಗಿಯಿತು. ಹೋಗುವುದಿಲ್ಲ ಅಮ್ಮ. ವ್ಯಾನಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುವ ಕೆಲಸ ನನಗೆ ಹಿಡಿಸಿದೆ.

ನಿನ್ನ ಕಿರಿಮಗ ರುಸ್ಬೆಲ್‌ಗೆ ಕೆಮ್ಮು ಬಂದಿತ್ತು. ಗಾಬರಿಯಾಗಬೇಡ, ಹೋಗಿದೆ. ನರ್ಸ್ ಔಷಧಿ ಕೊಟ್ಟರೂ ಅಜ್ಜಿಗೆ ಸಮಾಧಾನವಾಗಲಿಲ್ಲ. ಕರಿ ಕುಯ್ ಗಿನಿಯಿಲಿಯಿಂದ ಮೈ ಸವರಿ ರೋಗ ಎಳೆಯಬೇಕೆಂದು ಹಟ ಹಿಡಿದಳು. ಅಡುಗೆಮನೆಯಲ್ಲಿ ಓಡಾಡುವ ಗಿನಿಯಿಲಿಗಳಲ್ಲೆಲ್ಲ ಪೂರ್ತಿ ಕಪ್ಪಗಿರುವವಳು ಯಾನಾ ಒಬ್ಬಳೇ. ರುಸ್ಬೆಲ್ ಹಬ್ಬಕ್ಕೂ ಕೊಯ್ಯಗೊಡದೆ ಮುದ್ದಿನಿಂದ ಸಾಕಿಕೊಂಡವಳು. ಅಜ್ಜಿ ಅವಳಿಂದಲೇ ಅವನ ತಲೆಯಿಂದ ಕಾಲಿನವರೆಗೆ ಸವರಿದಳು. ಆಮೇಲೆ ಯಾನಾಳನ್ನು ಕೊಯ್ದು, ರೋಗ ಎಲ್ಲಿ ಕೂತಿದೆಯೆಂದು ನೋಡಬೇಕಲ್ಲ. ರುಸ್ಬೆಲ್ ಅಜ್ಜಿಯ ಲಂಗ ಹಿಡಿದು ಅರಚಿದ ಅರಚಾಟಕ್ಕೆ ಅವಳು ಚಾಕು ಕೆಳಗಿಟ್ಟಳು.

ಅವನ ಕೆಮ್ಮು ಇಳಿಯಿತು. ಯಾನಾ ಮಲಗಿದಳು.

ಹುಲ್ಲಿನ ಚೀಲ ಸರಸರ ಎಂದರೆ ಎಲ್ಲರಿಗಿಂತ ಮೊದಲು ಸಿಳ್ಳೆ ಹಾಕುತ್ತಿದ್ದವಳು ರೋಮ ಉಬ್ಬಿಸಿಕೊಂಡು ಮೂಲೆಯಲ್ಲಿ ಮುದ್ದೆಯಾದಳು. ಮೂಗಿನ ಸುತ್ತ ಹಕ್ಕಳೆ. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಕಿವಿಗೆ ಹಿಡಿದರೆ ಎದೆಯೊಳಗೆ ಒಣಕಡ್ಡಿ ಮುರಿಯುವ ಸದ್ದು.

"ಮುಟ್ಬೇಡ್ವೇ ಅದನ್ನ," ಎಂದಳು ಅಜ್ಜಿ. "ಮಗೂದು ಅದರ ಮೈಗೆ ಹೋಗಿದೆ. ಅದನ್ನ ಉಳಿಸಿದ್ರೆ ರೋಗ ಎಲ್ಲಿಗೆ ಹೋಗ್ಬೇಕು? ಮಗೂಗೇ ವಾಪಸ್ ಬರತ್ತೆ."

"ರೋಗ ಏನು ನಮ್ಮ ವ್ಯಾನಾ ಅಜ್ಜಿ, ಹೋದ ದಾರೀಲೇ ವಾಪಸ್ ಬರೋಕೆ?"

"ಬಾಯಿ ನೋಡು! ಇವಳು ಸ್ಕೂಲ್ ಬಿಟ್ಳು, ನಾಲಿಗೆ ಮಾತ್ರ ಡಿಗ್ರಿ ಮಾಡ್ತು."

ಆದರೂ ಸಾಯುವ ಜೀವ ಬೆಚ್ಚಗಿರಲಿ ಎಂದು ಅವಳೇ ಯಾನಾಳನ್ನು ಒಲೆಯ ಹತ್ತಿರಕ್ಕೆ ಸರಿಸಿಟ್ಟಳು. ಉಸಿರಾಟ ಇನ್ನೂ ಕೆಟ್ಟಿತು. ಬೆಳಿಗ್ಗೆ ನಾನು ಅವಳನ್ನು ಶಾಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ವ್ಯಾನ್ ಹತ್ತಿದೆ.

"ಏನೇ ನೆಲೀದಾ, ಮಧ್ಯಾಹ್ನದ ಊಟ ಜೀವಂತವಾಗೇ ತಂದ್ಬಿಟ್ಯಾ?" ಎಂದ ಡ್ರೈವರ್ ಎಲೆಉತೆರಿಯೊ.

"ಅವಳೂ ಪ್ಯಾಸೆಂಜರೇ ಮಾವ. ನೀವು ರಸ್ತೆ ನೋಡಿ."

ಕರಾಸ್ ಪೇಟೆಯ ದನದ ಡಾಕ್ಟರಮ್ಮ ಯಾನಾಳ ಎದೆ ಒತ್ತದೆ, ಮಡಿಲಲ್ಲಿ ಕೂರಿಸಿಕೊಂಡೇ ಪರೀಕ್ಷಿಸಿದರು. "ಒಲೆ ಪಕ್ಕ ಇಟ್ಟಿದ್ರಾ? ಬೆಚ್ಚಗಿರ್ಬೇಕು, ಆದ್ರೆ ಹೊಗೆ ಕೂಡದು. ನ್ಯುಮೋನಿಯಾ ಇದು. ಬಾಯಿ ತೆರೆದು ಉಸಿರಾಡೋಕೆ ಶುರು ಮಾಡಿದ್ರೆ ಕೈ ಮೀರ್ತಿತ್ತು."

ರುಸ್ಬೆಲ್‌ಗೆ ಕೊಟ್ಟು ಮಿಕ್ಕ ಗುಳಿಗೆಗಳನ್ನು ಕೊಡಲೇ ಎಂದು ಕೇಳಿದೆ. "ಅಯ್ಯೋ, ಬೇಡಮ್ಮಾ! ಅದರಿಂದ ಹೊಟ್ಟೆ ಕೆಟ್ಟೇ ಸಾಯತ್ತೆ," ಎಂದು ಬೇರೆ ಹನಿ ಔಷಧಿ ಕೊಟ್ಟರು. ಮಗುವಿನ ಕೆಮ್ಮೇ ಇವಳಿಗೆ ತಗುಲಿರಬಹುದು ಎಂದೂ ಹೇಳಿದರು. ಅದನ್ನು ಅಜ್ಜಿಗೆ ಹೇಳದೆ ಇರಬಹುದಿತ್ತು. ಹೇಳಿದೆ. "ಹಾಗಿದ್ರೆ ನಾನು ಹೇಳಿದ್ದೇ ಸರಿ!" ಎಂದು ಗೆದ್ದವಳಂತೆ ಬೀಗಿದಳು. ತಗುಲಿದ್ದು ನಿಜ ಅಜ್ಜಿ, ವಾಪಸ್ ಬರುವುದು ಸುಳ್ಳು, ಎಂದೆ. ಆಮೇಲೆ ನನ್ನೊಡನೆ ಮಾತು ಬಿಟ್ಟಳು.

ಯಾನಾಳನ್ನು ಮಿಕ್ಕವುಗಳಿಂದ ಬೇರೆ ಮಾಡಿ, ಗಾಳಿ ನುಗ್ಗದ ನಮ್ಮ ಕೋಣೆಗೆ ತಂದೆವು. ಒದ್ದೆಯಾದ ಹುಲ್ಲುಹಾಸು ಆಗಾಗ ಬದಲಿಸಿದೆವು. ಕುದುರೆಮೆಂತ್ಯದ ಸೊಪ್ಪು ಅರೆದು, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ತೊಟ್ಟುತೊಟ್ಟಾಗಿ ಬಿಟ್ಟೆವು. ಅಂಗಾತ ಮಲಗಿಸಿದರೆ ಶ್ವಾಸಕ್ಕೆ ಹೋಗುತ್ತದೆಂದು ರುಸ್ಬೆಲ್ ಅವಳನ್ನು ಕೂರಿಸಿಯೇ ಹಿಡಿಯುತ್ತಿದ್ದ. ಒಂದು ಸಂಜೆ ವ್ಯಾನಿನಿಂದ ಇಳಿದು ಬಂದರೆ, ಅಜ್ಜಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಡುತ್ತಿದ್ದಳು.

"ನನ್ನ ಕಾಲಿಗೆ ಅಂತ ಕಾಯಿಸಿದ್ದು. ಮಿಕ್ಕಿತ್ತು," ಎಂದಳು, ನನ್ನ ಮುಖ ನೋಡದೆ.

ಇವತ್ತು ಹುಲ್ಲು ತಂದಾಗ ಯಾನಾ ಸಿಳ್ಳೆ ಹಾಕಿದಳು! ಉಸಿರಿನಲ್ಲಿ ಸದ್ದಿಲ್ಲ. ಅಜ್ಜಿ ಮಾತ್ರ ರುಸ್ಬೆಲ್‌ನ ಎದೆಗೆ ಕಿವಿಯಿಟ್ಟು ಕೇಳುವುದನ್ನು ಬಿಟ್ಟಿಲ್ಲ. ಎಷ್ಟು ದೂರವಿದ್ದರೂ ತನ್ನ ಕೈ ನಿನ್ನ ತಲೆಯ ಮೇಲಿದೆ, ಕನ್ಯೆ ಮರಿಯಳ ಸೆರಗು ನಿನ್ನನ್ನು ಮುಚ್ಚಿರಲಿ ಎಂದು ಬರೆಯಲು ಹೇಳಿದ್ದಾಳೆ.

ನಿನ್ನ ಮಗಳು,
ನೆಲೀದಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದಿದ್ದೆ. ಯಾನಾ ಸಿಳ್ಳೆ ಹಾಕಿದಾಗ ರುಸ್ಬೆಲ್ ಕುಣಿಯಲಿಲ್ಲ. ಅಂಗಿ ಬಿಚ್ಚಿ, ಅವಳನ್ನು ಬರಿಯ ಎದೆಗೆ ಅವಚಿಕೊಂಡು ಕೂತ. "ಏನೋ ಇದು?" ಎಂದೆ. "ಸುಮ್ನಿರಕ್ಕ. ಇವಳು ವಾಸಿಯಾದ್ಲಲ್ಲ, ಈಗ ಕೆಮ್ಮು ನಂಗೆ ಬರ್ಬೇಕು. ಈ ಸಲ ಜೋರಾಗಿ ಬಂದ್ರೆ ಅಮ್ಮ ಬರ್ತಾಳೆ." ಅಂಗಿ ತೊಡಿಸಿದೆ. ಈಗ ಯಾರೋ ಕೆಮ್ಮಿದಂತೆ ಕೇಳಿಸಿ ನೋಡಿದೆ. ಬಾಗಿಲ ಹಿಂದೆ ನಿಂತು ಅಭ್ಯಾಸ ಮಾಡುತ್ತಿದ್ದಾನೆ.