ಸದ್ದಿಲ್ಲದ ಕಾರು

ಭಾವನವರಿಗೆ ನಮಸ್ಕಾರ.

ಸರ್ಕಾರಿ ಸಾಲ ಮಂಜೂರು ಮಾಡುವ ಅಧಿಕಾರಿಗಳು ನಿಮ್ಮ ಕಂಪನಿಯ ಎಲೆಕ್ಟ್ರಿಕ್ ಕಾರಿನಲ್ಲಿ ಕುಳಿತ ಮೇಲೆಯೇ ಈ ಪತ್ರ ಕೊಡುವಂತೆ ವಾಚ್‌ಮನ್‌ಗೆ ಹೇಳಿದ್ದೇನೆ.

ಬ್ಯಾಟರಿ ಕೈಕೊಟ್ಟಾಗ ಹಿಂದಿನ ಸೀಟಿನಡಿ ಪೆಟ್ರೋಲ್ ಎಂಜಿನ್ ಬಚ್ಚಿಟ್ಟವರು ನೀವು. ಅದರ ಸದ್ದಡಗಿಸಲು ಮೂರು ತಿಂಗಳು ಕೂತು ಸೈಲೆನ್ಸರ್ ಮಾಡಿದವನು ನಾನು. ಕಳೆದ ಸಲ ಅಧಿಕಾರಿಗಳು, "ಸದ್ದೇ ಇಲ್ವಲ್ರೀ" ಎಂದು ನಿಮ್ಮ ಬೆನ್ನು ತಟ್ಟಿದರು. ಮರುದಿನವೇ ನೀವು, "ನಟ್ಟು ತಿರುಗಿಸೋನಿಗೆ ಕಂಪನೀಲಿ ಪಾಲು ಬೇರೆ ಕೇಡು" ಎಂದು ನನ್ನನ್ನು ಗೇಟಿನಾಚೆ ಕಳಿಸಿದಿರಿ. ಕಾರು ನಿಲ್ಲಿಸುವ ಶೆಡ್ಡಿನ ಬೀಗದ ಕೈ ವಾಪಸು ಕೇಳಲು ಮಾತ್ರ ಮರೆತಿರಿ. ಅದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ಕಂಪನಿಯ ಸಾಮಾನು ಒಂದನ್ನೂ ಮುಟ್ಟಿಲ್ಲ. ನನ್ನ ಸೈಲೆನ್ಸರ್ ಬಿಚ್ಚಿಕೊಂಡು ಬಂದಿದ್ದೇನೆ, ಅಷ್ಟೆ.

ಅಧಿಕಾರಿಗಳನ್ನು ಕಾಯಿಸಬೇಡಿ. ದಯವಿಟ್ಟು ಕಾರು ಸ್ಟಾರ್ಟ್ ಮಾಡಿ.

ಇತಿ,
ನಟ್ಟು ತಿರುಗಿಸುವ ನಿಮ್ಮ ಭಾವಮೈದುನ