ಗುಂಡಿ ಬಿಡದೆ ಆಡಿದ ಮಾತು

ರೀ,

ಶಾಲೆ ಮಕ್ಕಳನ್ನ ಬಿಡೋಕೆ ವ್ಯಾನ್ ತಗೊಂಡು ಹೊರಟೆ. ಎದ್ದ ತಕ್ಷಣ ಇದನ್ನ ಓದಿ.

ನಿನ್ನೆ ನೀವೂ ನನ್ನ ತಮ್ಮನೂ ವ್ಯಾನಿಗೆ ವೈರ್‌ಲೆಸ್ ಕೂರಿಸುವಾಗ ಮೈಕ್ ನಿಮ್ಮ ತೊಡೆ ಕೆಳಗಿತ್ತು. ಅದರ ಮಾತಾಡೋ ಗುಂಡಿ ಒತ್ತಿಕೊಂಡೇ ಇತ್ತು. ನಿಮ್ಮ ಮಾತೆಲ್ಲ ಅಡುಗೆಮನೆಯಲ್ಲಿಟ್ಟಿರೋ ಇನ್ನೊಂದು ಸೆಟ್‌ನಲ್ಲಿ ನನಗೆ ಚೆನ್ನಾಗಿ ಕೇಳಿಸ್ತು.

ಆಂಟೆನಾ ಒಂದು, ನನ್ನ ವ್ಯಾನಿನ ಟಾಪಿಗೆ ತೂತು ಎರಡು! "ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ ಕಣೋ, ಚರ್ಮ ಸುಲೀತಾಳೆ" ಅಂದ್ರಲ್ಲ, ಆ ಕೆಲಸ ಸಂಜೆಗೆ ಇಟ್ಟುಕೊಂಡಿದ್ದೀನಿ. ತೂತಿಗೆ ಮೆತ್ತಿರೋ ಚ್ಯೂಯಿಂಗ್ ಗಮ್ಮನ್ನೂ ನೋಡಿದೆ. ಇವತ್ತೇ ಒಂದು ರಬ್ಬರ್ ಬಿರಡೆ ತಂದಿಡಿ.

ಆಮೇಲೆ "ಇದೆಲ್ಲ ಯಾಕೆ ಭಾವ?" ಅಂತ ಅವನು ಕೇಳಿದ. "ಅವಳು ಹೋಗಿ ಮುಟ್ಟಿದ್ಲು ಅಂತ ಗೊತ್ತಾಗೋ ತನಕ ನನಗೆ ಗಂಟಲಲ್ಲಿ ಟೀ ಇಳಿಯಲ್ಲ ಕಣೋ" ಅಂದ್ರಿ. ನನ್ನ ಹತ್ರ ಮಾತ್ರ "ಈಗ ಎಲ್ಲರ ವ್ಯಾನಲ್ಲೂ ಇದೆ" ಅಂತ ಜಂಬ. ಸುಳ್ಳುಬುರುಕ.

ಟೀ ಫ್ಲಾಸ್ಕಿನಲ್ಲಿದೆ. ಶಾಲೆ ಮುಟ್ಟಿದ ಕೂಡಲೇ ವೈರ್‌ಲೆಸ್‌ನಲ್ಲಿ ಕರೀತೀನಿ, ಆಮೇಲೆ ಕುಡೀರಿ.

ಮಾತು ಮುಗಿದ ಮೇಲೆ ಗುಂಡಿ ಬಿಡೋದು ಕಲೀರಿ. ಕಲೀದಿದ್ರೂ ನಡೆಯುತ್ತೆ.