ವಾಸಿಯಾದಳೆಂದು ಘೋಷಿತಳಾದ ಚಲುವಮ್ಮ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ರಾಜೀವನಗರದ ವಾರ್ಡನ್ನು ತಾವು ‘ರಕ್ತಹೀನತೆ ಮುಕ್ತ’ ಎಂದು ಘೋಷಿಸಿದ ಮರುವಾರವೇ ನನ್ನ ಹೆಂಡತಿ ಚಲುವಮ್ಮನಿಗೆ ಕೊಡುತ್ತಿದ್ದ ರಕ್ತ ಹುಟ್ಟಿಸುವ ಇಂಜೆಕ್ಷನ್ ನಿಂತುಹೋಗಿದೆ. ತಮ್ಮ ದಾಖಲೆಯಂತೆ ಅವಳು ವಾಸಿಯಾಗಿದ್ದಾಳೆ. ಈ ಸಂತೋಷದ ಸುದ್ದಿ ಅವಳ ಎರಡು ಕಿಡ್ನಿಗಳಿಗೆ ಮಾತ್ರ ಇನ್ನೂ ತಲುಪಿಲ್ಲ.

ತಮ್ಮ ಅಭಿಯಾನದವರು ಮೊದಲು ಕಬ್ಬಿಣದ ಮಾತ್ರೆ ತಂದರು, ಆಮೇಲೆ ಬೀಟ್‌ರೂಟ್, ಆಮೇಲೆ ಖರ್ಜೂರ. ಖರ್ಜೂರದ ಪೊಟ್ಯಾಸಿಯಂ ಕಿಡ್ನಿ ಕೆಟ್ಟವರ ಹೃದಯಕ್ಕೆ ಅಪಾಯ, ಮುಟ್ಟಲೇಬೇಡಿ ಎಂದು ಡಯಾಲಿಸಿಸ್ ಡಾಕ್ಟರು ಹೇಳಿದ್ದಾರೆ. ಅವರು ನನಗೆ ತಿಳಿಸಿ ಹೇಳಿದ್ದನ್ನೇ ತಮಗೂ ಹೇಳುತ್ತೇನೆ. ರಕ್ತ ಮಾಡು ಎಂದು ಮೂಳೆಯ ಮಜ್ಜೆಗೆ ಹೇಳಿಕಳಿಸುವುದು ಕಿಡ್ನಿ. ಅದು ಕೆಟ್ಟರೆ ಹೇಳುವವರೇ ಇಲ್ಲ. ಸೋಸದೆ ಉಳಿದ ವಿಷಗಳು ಮಜ್ಜೆಯನ್ನು ಕುಗ್ಗಿಸುತ್ತವೆ, ಕೆಂಪು ಕಣಗಳನ್ನು ಅವಧಿಗೆ ಮೊದಲೇ ಸಾಯಿಸುತ್ತವೆ, ತಿಂದ ಕಬ್ಬಿಣವನ್ನೂ ಬಳಸಲು ಬಿಡುವುದಿಲ್ಲ. ಇಂಥ ವಿಷಕ್ಕೆ ಬೀಟ್‌ರೂಟ್ ತೋರಿಸಿದರೆ ಹೆದರುತ್ತದೆಯೇ?

ಇಡೀ ವಾರ್ಡಿನ ಘೋಷಣೆಗೆ ಇವಳೊಬ್ಬಳೇ ಅಡ್ಡಗಾಲು. ಅಭಿಯಾನದ ಕೊನೆಯ ದಿನ ತಮ್ಮ ಸಿಬ್ಬಂದಿ ರಕ್ತಪರೀಕ್ಷೆಗೆಂದು ಏದುಸಿರು ಬಿಡುತ್ತಾ ನಮ್ಮ ಮಹಡಿ ಹತ್ತಿ ಬಂದು, “ಮನೆಗೊಂದು ಬೆರಳು ಸಾಕು ಕಣಮ್ಮ, ಯಾರದಾದ್ರೂ ಆಯ್ತದೆ” ಎಂದರು. ನನ್ನವಳ ಕರುಣೆಯನ್ನು ಕೇಳಬೇಕೇ? “ಪಾಪ, ಬಿಸ್ಲಲ್ಲಿ ಬಂದವ್ರೆ, ನಿನ್ ಬೆರಳು ಕೊಟ್ಬುಡು ಮಗಾ” ಎಂದು ಮಗಳು ಗೌತಮಿಯನ್ನು ಮುಂದೆ ತಳ್ಳಿದಳು. ಕಬಡ್ಡಿ ಆಡುವ ಹುಡುಗಿ, ಹಿಮೋಗ್ಲೋಬಿನ್ ಹದಿಮೂರು ಬಂತು. ಅದನ್ನು ಏಳರಲ್ಲಿದ್ದ ಅವಳಮ್ಮನ ಹೆಸರಿಗೆ ಹತ್ತಿಸಿದರು.

ಸಮಾರಂಭದಲ್ಲಿ ತಾವು ಅವಳಿಗೆ ‘ಮಾದರಿ ಮಹಿಳೆ’ ಎಂದು ಶಾಲು ಹೊದಿಸಿದ್ದು ನೆನಪಿದೆಯೇ? ವೇದಿಕೆಯ ಮೆಟ್ಟಿಲು ಹತ್ತಲಾರದೆ ಕುಸಿದವಳನ್ನು ತಮ್ಮವರೇ ಕುರ್ಚಿ ಸಮೇತ ಎತ್ತಿ ತಂದರು. ತಾವು ಮೈಕಿನಲ್ಲಿ, “ನೋಡಿ, ಸಂತೋಷಕ್ಕೆ ಕೈಕಾಲೇ ಆಡ್ತಿಲ್ಲ” ಎಂದಿರಿ. ಜನ ಚಪ್ಪಾಳೆ ತಟ್ಟಿದರು.

ಈಗ ಆಸ್ಪತ್ರೆಯಲ್ಲಿ, “ಹದಿಮೂರು ಇರೋರಿಗೆ ಈ ಇಂಜೆಕ್ಷನ್ ಕೊಟ್ರೆ ಅಪಾಯ ಕಣ್ರೀ” ಎನ್ನುತ್ತಾರೆ. ಇನ್ನೊಮ್ಮೆ ರಕ್ತ ನೋಡಿ ಎಂದರೆ, ಮುಕ್ತ ವಾರ್ಡಿನವರನ್ನು ಮತ್ತೆ ಪರೀಕ್ಷಿಸಲು ತಮ್ಮ ಅಪ್ಪಣೆಯೇ ಬೇಕಂತೆ. ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಲ್ಲುತ್ತಾಳೆ, ತುಟಿ ಸುಣ್ಣದ ಹಾಗೆ ಬಿಳುಚಿದೆ. ನನಗೆ ಭಯವಾಗಿದೆ, ಮಾನ್ಯರೇ.

ಶಾಲನ್ನು ಒಗೆದು, ಇಸ್ತ್ರಿ ಮಾಡಿಸಿ ಹಿಂದಿರುಗಿಸುತ್ತೇನೆ. ದಯಮಾಡಿ ನನ್ನ ಹೆಂಡತಿಯ ರಕ್ತಹೀನತೆಯನ್ನು ಅವಳಿಗೆ ವಾಪಸ್ ಕೊಡಿ. ಅನುಮಾನವಿದ್ದರೆ ತಾವೇ ಬನ್ನಿ. ಈ ಸಲ ಅವಳ ಬೆರಳನ್ನೇ ಚುಚ್ಚಿ.

ಇಂತಿ,
ತಮ್ಮ ಮಾದರಿ ಆರೋಗ್ಯವಂತೆಯನ್ನು ಡಯಾಲಿಸಿಸ್‌ಗೆಂದು ಎತ್ತಿಕೊಂಡು ಮಹಡಿ ಇಳಿಯುವ ಗಂಡ,
ಗುರುಸಿದ್ದಯ್ಯ
ನಿವೃತ್ತ ಸಿಟಿ ಬಸ್ ಕಂಡಕ್ಟರ್, ರಾಜೀವನಗರ, ಮೈಸೂರು